ನಡುಗಿದ ಕೈಗೆ ಅಂದ ಮಾತು

ಹಂಸಭಾವಿ
12 ಜೂನ್ 2023

ಮಲ್ಲಿಕಸಾಬನಿಗೆ,

ಲಕೋಟೆಯ ಹಿಂದೆ ಹೆಸರು ಕಂಡರೆ ನೀನು ಒಡೆಯದೆಯೇ ಇಟ್ಟುಬಿಡುತ್ತೀ ಎಂದು ಹೆಸರು ಬರೆದಿಲ್ಲ. ಈಗ ಒಡೆದಿದ್ದೀ, ಕೊನೆಯವರೆಗೆ ಓದು. ನಾನು ಹೂವಪ್ಪ. ಶಿಗ್ಗಾಂವದ ಬಸ್ ನಿಲ್ದಾಣದ ಹಿಂದೆ, ಕಾಳಿನ ಪೇಟೆಯ ಮೂಲೆಯಲ್ಲಿ ಹದಿನಾರು ವರ್ಷ ನಿನ್ನ ಜೊತೆ ಬೋರ್ಡು ಬರೆದವನು.

ನಿನ್ನ ವಿಳಾಸ ಕೊಟ್ಟವನು ಸವಣೂರಿನಿಂದ ನಮ್ಮ ಸಂತೆಗೆ ವೀಳ್ಯದೆಲೆ ತರುವ ವ್ಯಾಪಾರಿ. “ಪೇಂಟರ್ ಮಲ್ಲಿಕಸಾಬ್ರಾ? ಅದಾರ್ರಿ. ಈಗ ಬೋರ್ಡ್ ಬರಿಯಂಗಿಲ್ಲ, ಮನಿಗೆ ಬಣ್ಣ ಹಚ್ತಾರ” ಎಂದ. ಫೋನ್ ನಂಬರನ್ನೂ ಕೊಟ್ಟ. ಆದರೆ ಆ ಕಡೆಯಿಂದ ನೀನು “ಯಾರು?” ಎಂದರೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಅದಕ್ಕೇ ಕಾಗದ.

ಹೋದ ದಸರೆಯ ಹೊತ್ತಿಗೆ ನನ್ನ ಬಲಗೈಯ ಹೆಬ್ಬೆರಳು ತಾನಾಗಿಯೇ ಆಡಲು ಶುರುವಾಯಿತು. ಕೈಯನ್ನು ತೊಡೆಯ ಮೇಲೆ ಇಟ್ಟು ಕುಳಿತರೆ ಸಾಕು, ಬೀಡಿ ಸುತ್ತುವವರ ಹಾಗೆ ಬೆರಳು ಉಜ್ಜುತ್ತದೆ. ವಯಸ್ಸು ಅರವತ್ತನಾಲ್ಕು, ಇರಲಿ ಎಂದು ಬಿಟ್ಟೆ. ಮಗಳು ವಿದ್ಯಾಶ್ರೀ ಹಿರೇಕೆರೂರಿನಲ್ಲಿ ಶಾಲೆಯ ಟೀಚರು, ನನ್ನ ಜೊತೆಯೇ ಇದ್ದಾಳೆ. ನನ್ನ ಸ್ಟೇಷನರಿ ಅಂಗಡಿಯ ಸಾಮಾನಿನ ಚೀಟಿ ನೋಡಿ ಅವಳು, “ಅಪ್ಪಾ, ನಿನ್ನ ಅಕ್ಷರ ಇರಿವಿ ಆಗ್ಯಾವಲ್ಲ!” ಎಂದಳು. ನಿಜ. ಸಾಲಿನ ಆರಂಭದಲ್ಲಿ ಕಡಲೆಯಷ್ಟಿದ್ದದ್ದು ಕೊನೆಗೆ ಸಾಸಿವೆಯಷ್ಟಾಗಿತ್ತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ನಡೆಸಿದರು, ಕೂರಿಸಿದರು, ಬೆರಳು ತಟ್ಟಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಪಾರ್ಕಿನ್ಸನ್ ಅಂದರು. ಆಮೇಲೆ ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

“ಎಲ್ಲಾ ನಡುಕ ಒಂದ ಅಲ್ರಿ ಅಜ್ಜಾರ. ನಿಮ್ಮ ಕೈ ಸುಮ್ಮನಿದ್ದಾಗ ನಡಗತೈತಿ, ಕೆಲಸಕ್ಕ ಹಚ್ಚಿದ್ರ ನಿಲ್ಲತೈತಿ. ಇನ್ನೊಂದು ನಮೂನಿ ಐತಿ, ಅದು ಉಲ್ಟಾ. ಸುಮ್ಮನಿದ್ದಾಗ ಏನೂ ಇಲ್ಲ. ಲೋಟ ಹಿಡದ್ರ, ಪೆನ್ನು ಹಿಡದ್ರ ಶುರು. ನಾಕ ಮಂದಿ ನೋಡಾಕತ್ರಂದ್ರ ಇನ್ನೂ ಜಾಸ್ತಿ. ಅದು ಭಾಳ ಮಂದೀಗೆ ಇರತೈತಿ, ಮನಿತನದಾಗ ಬರತೈತಿ. ಪಾಪ, ಕುಡದಾನ ಅಂತ ಮಂದಿ ಅಂತಾರ.”

ಮಲ್ಲಿಕ, ಆ ಕುರ್ಚಿಯಲ್ಲಿ ಕುಳಿತ ನನಗೆ ನನ್ನ ರೋಗ ಮರೆತುಹೋಯಿತು.

ಹಾನಗಲ್ಲಿನ ಹೈಸ್ಕೂಲಿನ ಕಮಾನು. 1999ರ ಡಿಸೆಂಬರ್. ಚಿತ್ರ ನನ್ನದು, ಅಕ್ಷರ ನಿನ್ನದು, ಎಂದಿನಂತೆ. ನೀನು ಅಟ್ಟಣಿಗೆಯ ಮೇಲೆ, ಕೆಳಗೆ ಕಮಿಟಿಯ ಹಿರಿಯರು ಹತ್ತು ಮಂದಿ. ಬಂಗಾರದ ಬಣ್ಣದ ‘ಶ್ರೀ’ ಬರೆಯುವಾಗ ನಿನ್ನ ಬ್ರಶ್ ಅಲುಗಾಡಿ ಗೆರೆ ಹಾವಾಯಿತು. ಒರೆಸಿ ಮತ್ತೆ ಬರೆದೆ, ಮತ್ತೆ ಹಾವು. ಹಿರಿಯರು ಮುಖ ಮುಖ ನೋಡಿಕೊಂಡರು. ಕೆಲಸ ಕೈತಪ್ಪುತ್ತದೆಂದು ನನಗೆ ಹೆದರಿಕೆ. ಎಲ್ಲರಿಗೂ ಕೇಳುವಂತೆ, “ಕುಡದ ಬಂದೀಯೇನಲೇ?” ಎಂದೆ.

ನೀನು ಇಳಿದೆ. ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ತೊಳೆದೆ, ಅರಿವೆಯಲ್ಲಿ ಒರೆಸಿದೆ, ನನ್ನ ಪೆಟ್ಟಿಗೆಯೊಳಗೆ ಇಟ್ಟೆ. ಬಸ್ ನಿಲ್ದಾಣದ ಕಡೆ ನಡೆದೆ. ಮರಳಿ ಬರಲಿಲ್ಲ.

ನೀನು ಕುಡಿಯುವವನಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ಇದನ್ನು ಬರೆಯಲು ಇಪ್ಪತ್ತಮೂರು ವರ್ಷ ಬೇಕಾಯಿತು.

ಉತ್ತರ ಬರೆಯಲೇಬೇಕೆಂದಿಲ್ಲ. ಆದರೆ ನಿನ್ನ ಕೈ ಈಗಲೂ ನಡುಗುತ್ತಿದ್ದರೆ, ಅದಕ್ಕೆ ಹೆಸರಿದೆ, ಔಷಧವೂ ಇದೆ.

ತಪ್ಪಿತಸ್ಥ,
ಹೂವಪ್ಪ


ಸವಣೂರು
3 ಜುಲೈ 2023

ಹೂವಪ್ಪ ಕಾಕಾ ಅವರಿಗೆ ಸಲಾಂ.

ನಾನು ಮಾಹೀರಾ, ಮಲ್ಲಿಕಸಾಬರ ಮಗಳು. ನೀವು ನನ್ನನ್ನು ನೋಡಿರಲಾರಿರಿ, ನೀವು ಹೇಳುವ ಆ ಡಿಸೆಂಬರಿನಲ್ಲಿ ನಾನು ತೊಟ್ಟಿಲಲ್ಲಿದ್ದೆ. ಈಗ ಇಲ್ಲಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ.

ಅಬ್ಬಾ ನಿಮ್ಮ ಪತ್ರವನ್ನು ಎರಡು ಸಲ ಓದಿದರು. “ಯಾರದು?” ಎಂದು ಕೇಳಿದ್ದಕ್ಕೆ, “ಹಳೇ ಗಿರಾಕಿ” ಎಂದರು. ಆಮೇಲೆ ನಾನೇ ತೆಗೆದು ಓದಿದೆ. ನಾನು ಉತ್ತರ ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ಅವರು ಬೋರ್ಡು ಬರೆಯುತ್ತಿದ್ದರೆಂಬುದನ್ನು ಊರವರಿಂದ ಕೇಳಿದ್ದೆನೇ ಹೊರತು ನೋಡಿರಲಿಲ್ಲ. ನಾನು ಕಂಡಂತೆ ಅವರು ಗೋಡೆಗೆ ಬಣ್ಣ ಹಚ್ಚುವವರು. ಅಗಲ ಬ್ರಶ್ಶಿಗೆ ಕೈ ನೆಟ್ಟಗಿರಬೇಕಿಲ್ಲವಲ್ಲ. ಚಹಾದ ಲೋಟ ಅರ್ಧ ಮಾತ್ರ ತುಂಬಿಸಬೇಕು. ಮದುವೆಗೆ ಹೋದರೆ ಉಣ್ಣದೆ ಬರುತ್ತಾರೆ. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲವೆಂದು ಹೆಬ್ಬೆಟ್ಟು ಒತ್ತುತ್ತಾರೆ. ಅಕ್ಷರದಿಂದ ಹೊಟ್ಟೆ ಹೊರೆದ ಮನುಷ್ಯ, ಕಾಕಾ. ಇದು ರೋಗವೆಂದು ನಮಗೆ ಯಾರೂ ಹೇಳಿರಲಿಲ್ಲ. ಅಬ್ಬಾನ ಕೈ ಹಾಗೇ, ಅಷ್ಟೇ.

ನಾನು ಬರೆಯುತ್ತಿರುವುದು ಅಣ್ಣನಿಗಾಗಿ. ಅಲ್ತಾಫನಿಗೆ ಇಪ್ಪತ್ತೊಂಬತ್ತು. ಇಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಎರಡು ವರ್ಷದಿಂದ ಬೆಸುಗೆ ಹಾಕುವಾಗ ಅವನ ಕೈಯೂ ನಡುಗುತ್ತಿದೆ. ಬಂಕಾಪುರದಲ್ಲಿ ಅವನಿಗೆ ಹೆಣ್ಣು ಗೊತ್ತಾಗಿತ್ತು. ಅವರ ಮನೆಗೆ ಹೋದಾಗ ಎಲ್ಲರೂ ನೋಡುತ್ತಿರುವಂತೆಯೇ ಶರಬತ್ತು ಅಂಗಿಯ ಮೇಲೆ ಚೆಲ್ಲಿಕೊಂಡ. ಹುಡುಗ ಕುಡಿಯುತ್ತಾನೆ ಎಂದು ಯಾರೋ ಹೇಳಿದರು. ಮಾತು ಮುರಿಯಿತು.

ಅಬ್ಬಾ ಅಣ್ಣ ಇಬ್ಬರೂ ಈಗ ಒಂದೇ ಮನೆಯಲ್ಲಿದ್ದೂ ಮಾತಾಡುವುದು ಕಡಿಮೆ.

ಆ ಆಸ್ಪತ್ರೆಯಲ್ಲಿ ಯಾವ ವಿಭಾಗ, ಏನು ಕೇಳುತ್ತಾರೆ, ತಿಳಿಸುವಿರಾ?

ನಿಮ್ಮ ಮಗಳಂಥವಳು,
ಮಾಹೀರಾ


ಹಂಸಭಾವಿ
11 ಜುಲೈ 2023

ಚಿರಂಜೀವಿ ಮಾಹೀರಾಗೆ ಆಶೀರ್ವಾದ.

ನಿನ್ನ ಪತ್ರವನ್ನು ನನ್ನ ಹೆಂಡತಿ ಮಂಜವ್ವನಿಗೆ ಓದಿ ಹೇಳಿದೆ. “ಕೂಸಿನ್ನ ನೋಡಾಕ ಹೋಗಬೇಕು ಅಂತ ತಲಿಗೆ ಕಟ್ಟೋ ಕುಂಚಗಿ ಹೊಲಿದಿದ್ನಲ್ಲ, ನೀವು ಜಗಳಾ ಮಾಡ್ಕೊಂಡ ಬಂದ್ರಿ” ಎಂದಳು. ಆ ಕೂಸು ಈಗ ಟೀಚರು.

ನರರೋಗ ವಿಭಾಗಕ್ಕೆ ಹೋಗಬೇಕು, ನ್ಯೂರಾಲಜಿ ಎಂದು ಕೇಳು. ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗು. ಅಪ್ಪ ಮಗ ಇಬ್ಬರಿಗೂ ಇದೆ ಎಂಬುದೇ ಡಾಕ್ಟರಿಗೆ ದೊಡ್ಡ ಸುಳಿವು. ಥೈರಾಯಿಡ್ ಹೆಚ್ಚಾದರೂ ಕೈ ನಡುಗುತ್ತದಂತೆ, ಅದಕ್ಕೆ ರಕ್ತ ತಪಾಸಣೆ ಮಾಡುತ್ತಾರೆ. ಕೆಲವು ಔಷಧಗಳಿಂದಲೂ ನಡುಕ ಜಾಸ್ತಿಯಾಗುತ್ತದೆ, ಆದ್ದರಿಂದ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗು. ಒಂದು ಮಾತು ಮರೆಯಬೇಡ. ನಿನ್ನ ಅಪ್ಪನಿಗೆ ಟರ್ಪೆಂಟೈನ್ ವಾಸನೆಗೆ ದಮ್ಮು ಬರುತ್ತಿತ್ತು. ಈಗಲೂ ಇದ್ದರೆ ಡಾಕ್ಟರಿಗೆ ಮೊದಲೇ ಹೇಳು. ಈ ನಡುಕಕ್ಕೆ ಕೊಡುವ ಮುಖ್ಯ ಗುಳಿಗೆ ದಮ್ಮಿನವರಿಗೆ ಆಗುವುದಿಲ್ಲವಂತೆ, ಬೇರೆ ಇದೆಯಂತೆ. ಯಾವ ಗುಳಿಗೆಗೂ ಬಗ್ಗದಿದ್ದರೆ ತಲೆಯೊಳಗೆ ಸಣ್ಣ ತಂತಿ ಇಡುವ ಆಪರೇಷನ್ನೂ ಉಂಟು. ಅದು ಕೆಲವರಿಗೆ ಮಾತ್ರ, ಹೆದರಬೇಡ.

ನೀನು ನೋಡಿಲ್ಲ ಎಂದೆ. ಕೇಳು. ನಾನು ಸೇರಿ ಎಲ್ಲ ಪೇಂಟರುಗಳೂ ಸುಣ್ಣದ ದಾರ ಹೊಡೆದು ಗೆರೆ ಹಾಕಿಕೊಂಡೇ ಬರೆಯುತ್ತಿದ್ದೆವು. ನಿನ್ನ ಅಪ್ಪ ಗೆರೆ ಇಲ್ಲದೆ ಬರೆಯುತ್ತಿದ್ದ. ಪುಣೆ ಕಡೆಯ ಲಾರಿಗಳು ಹೆದ್ದಾರಿಯಲ್ಲಿ ಸಾಲಾಗಿ ನಿಂತಿರುತ್ತಿದ್ದವು, ಡ್ರೈವರುಗಳು “ಉಸ್ತಾದ್ ಬರೂತನಾ ನಿಲ್ತೇವಿ” ಎನ್ನುತ್ತಿದ್ದರು. ಅವನು ಗಿರ್ಮಿಟ್ ತಿಂದು ಕೈ ಒರೆಸಿಕೊಂಡು ಬಂದು, ಉಸಿರು ಹಿಡಿದು, ‘ನಿಧಾನವೇ ಪ್ರಧಾನ’ ಎಂದು ಒಂದೇ ಓಟದಲ್ಲಿ ಬರೆದು ಉಸಿರು ಬಿಡುತ್ತಿದ್ದ. ‘ಧ’ದ ಹೊಟ್ಟೆ ಸೀಳುವ ಗೆರೆಯನ್ನು ಅವನಂತೆ ಎಳೆಯುವವರನ್ನು ನಾನು ಮತ್ತೆ ಕಾಣಲಿಲ್ಲ. ದುಂಡಸಿಯಿಂದ ಬರುವ ಬಸ್ಸಿನ ಕಂಡಕ್ಟರು ಅವನ ಕೆಲಸ ನೋಡಲೆಂದೇ ಎರಡು ನಿಮಿಷ ತಡಮಾಡಿ ಬಸ್ ಬಿಡುತ್ತಿದ್ದ. ಎಲ್ಲವನ್ನೂ ಫ್ಲೆಕ್ಸ್ ನುಂಗಿತು. ಅದಕ್ಕೂ ಮೊದಲು ನಾನು ನುಂಗಿದ್ದೆ.

ಅವನಿಗೆ ನನ್ನ ಹೆಸರು ಹೇಳಬೇಡ. ಮಗನಿಗಾಗಿ ಬಾ ಎಂದು ಕರೆ, ಬಂದಾನು.

ನಿನ್ನ ಕಾಕಾ,
ಹೂವಪ್ಪ


ಸವಣೂರು
2 ಸೆಪ್ಟೆಂಬರ್ 2023

ಹೂವಪ್ಪ,

ಈ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ಅಕ್ಷರ ನೋಡಿ ನಗಬೇಡ. ಮಗಳಿಂದ ಬರೆಸಬಹುದಿತ್ತು, ಆದರೆ ಇದು ಅವಳಿಗೆ ತಿಳಿಯಬೇಕಾದದ್ದಲ್ಲ.

ಆಸ್ಪತ್ರೆಗೆ ಹೋಗಿ ಬಂದೆವು. ದಾರಿ ತೋರಿಸಿದವನು ನೀನೆಂದು ಮಾಹೀರಾ ಆಮೇಲೆ ಒಪ್ಪಿಕೊಂಡಳು. ನನ್ನಿಂದಲೂ ಸುರುಳಿ ಬರೆಸಿದರು. ಒಂದು ಲೋಟದ ನೀರನ್ನು ಇನ್ನೊಂದಕ್ಕೆ ಸುರಿಯಲು ಹೇಳಿದರು, ಅರ್ಧ ಟೇಬಲ್ಲಿನ ಮೇಲಾಯಿತು. ಎದುರು ಕುಳಿತ ಅಲ್ತಾಫ ನನ್ನ ಕೈಯನ್ನೇ ನೋಡುತ್ತಿದ್ದ. ಎಸೆನ್ಷಿಯಲ್ ಟ್ರೆಮರ್ ಅಂದರು, ನಮ್ಮ ವಂಶದ್ದು. ಅವನಿಗೆ ಬಿ.ಪಿ.ಗೆ ಕೊಡುವಂಥ ಗುಳಿಗೆ. ನನಗೆ ದಮ್ಮು ಇರುವುದರಿಂದ ಫಿಟ್ಸಿನವರಿಗೆ ಕೊಡುವುದನ್ನೇ ತೀರ ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು. ಮೊದಲ ಮೂರು ದಿನ ತಲೆ ತಿರುಗಿ ಗೋಡೆ ಹಿಡಿದು ನಡೆದೆ. ಬಿಟ್ಟುಬಿಡುತ್ತೇನೆ ಎಂದರೆ ಮಗಳು ಬಿಡಲಿಲ್ಲ. ಈಗ ಹೊಂದಿಕೊಂಡಿದೆ. ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಕಡಿಮೆಯಾಗಿದೆ. ಆಗಿರದಿದ್ದರೆ ಇಷ್ಟೂ ಬರೆಯುತ್ತಿರಲಿಲ್ಲ.

ಆ ಡಾಕ್ಟರು ಕೇಳಿದರು, “ಕುಡದಾಗ ನಡುಕ ಕಡಿಮಿ ಆಕ್ಕಿತ್ತೇನ್ರಿ?” ಎಂದು. ಮಕ್ಕಳಿಬ್ಬರೂ ಪಕ್ಕದಲ್ಲಿದ್ದರು. “ನಾ ಕುಡಿಯಂಗಿಲ್ರಿ” ಎಂದೆ. ಅದು ಪೂರ್ತಿ ಸತ್ಯವಲ್ಲ. ನಿನಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಿನ್ನ ಪಾಲಿದೆ.

ಹಾನಗಲ್ಲಿನಲ್ಲಿ ನೀನು ಅಂದ ದಿನದವರೆಗೆ ನಾನು ಅದನ್ನು ಮುಟ್ಟಿರಲಿಲ್ಲ. ಆಮೇಲೆ ಒಬ್ಬನೇ ಹೆದ್ದಾರಿಯ ಬದಿಯಲ್ಲಿ ಲಾರಿಗಳಿಗೆ ಬರೆಯಲು ನಿಂತೆ. ಕೈ ನಿಲ್ಲುತ್ತಿರಲಿಲ್ಲ. ಒಬ್ಬ ಡ್ರೈವರು, “ಒಂದ ಗುಟುಕು ಹಾಕ್ರಿ ಉಸ್ತಾದ್, ನಿಲ್ಲತೈತಿ” ಎಂದ. ಹೇಗೂ ಕುಡುಕನೆಂದು ಹೆಸರಾಗಿದೆಯಲ್ಲ ಎಂದು ಹಾಕಿದೆ. ಕೈ ನಿಂತಿತು, ಹೂವಪ್ಪ. ಮೊದಲಿನ ಹಾಗೆ ಗೆರೆ ಬಂತು. ಅವತ್ತು ನಾನು ಲಾರಿಯ ಹಿಂದೆ ಕುಳಿತು ಅತ್ತೆ. ಮರುದಿನ ಅದರ ಎರಡರಷ್ಟು ನಡುಕ. ಅದಕ್ಕೆ ಮತ್ತೆ ಗುಟುಕು. ಹನ್ನೊಂದು ತಿಂಗಳು, ದಿನಾ ಬೆಳಿಗ್ಗೆ ಬ್ರಶ್ ಹಿಡಿಯುವ ಮುಂಚೆ.

ನನ್ನ ತಾಯಿಗೆ ವಾಸನೆ ಸಿಕ್ಕಿತು. ಬೈಯಲಿಲ್ಲ. ನನ್ನ ಕೈಯಿಂದ ನೀರು ತೆಗೆದುಕೊಳ್ಳುವುದನ್ನು ನಿಲ್ಲಿಸಿದಳು. ಎಂಟು ದಿನ ನೋಡಿದೆ. ಒಂಬತ್ತನೆಯ ದಿನ ಕುಡಿತವನ್ನೂ ಬಿಟ್ಟೆ, ಅಕ್ಷರವನ್ನೂ ಬಿಟ್ಟೆ. ಆಮೇಲೆ ಅವಳು ನೀರು ತೆಗೆದುಕೊಂಡಳು, ಸಾಯುವವರೆಗೂ ತೆಗೆದುಕೊಂಡಳು. ಆದರೆ ಪ್ರತಿ ಸಲ ಮೊದಲು ನನ್ನ ಮುಖ ನೋಡಿ.

ನೀನು ಸುಳ್ಳು ಅಂದಿದ್ದೆ. ನಾನು ಅದನ್ನು ನಿಜ ಮಾಡಿದೆ. ನಿನ್ನ ರೋಗದ ವಿಷಯ ಓದಿ ದುಃಖವಾಗಿದೆ, ಅಲ್ತಾಫನ ವಿಷಯದಲ್ಲಿ ನಿನ್ನ ಉಪಕಾರವೂ ಇದೆ. ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಬರೆದರೆ ಆ ಗೆರೆಯೂ ಹಾವಾಗುತ್ತದೆ.

ಗುಳಿಗೆ ಸಮಯಕ್ಕೆ ಸರಿಯಾಗಿ ತೆಗೆದುಕೋ.

ಮಲ್ಲಿಕಸಾಬ


ಹಂಸಭಾವಿ
19 ಅಕ್ಟೋಬರ್ 2023

ಮಲ್ಲಿಕ,

ನಿನ್ನ ಪತ್ರ ಬಂದು ಒಂದೂವರೆ ತಿಂಗಳಾಯಿತು. ಅದಕ್ಕೆ ಏನು ಬರೆದರೂ ಸಾಲದು, ಅದಕ್ಕೇ ಬರೆಯಲಿಲ್ಲ. ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಬೇರೆಯವರಿಂದ ಗೊತ್ತಾಗುವ ಮುಂಚೆ ನಾನೇ ಹೇಳುತ್ತೇನೆ.

ಮೊನ್ನೆ ಬಂಕಾಪುರಕ್ಕೆ, ಮಾಹೀರಾ ಬರೆದಿದ್ದ ಆ ಮುರಿದ ಸಂಬಂಧದವರ ಮನೆಗೆ ಹೋಗಿದ್ದೆ. ಗುಳಿಗೆ ನುಂಗಿದ ಮೇಲೆ ಎರಡು ಮೂರು ತಾಸು ನನ್ನ ಮೈ ಹಗುರವಾಗಿರುತ್ತದೆ, ಆ ಲೆಕ್ಕ ನೋಡಿಕೊಂಡು ಬಸ್ ಹತ್ತಿದೆ. ಆದರೆ ಹಾವೇರಿಯಲ್ಲಿ ಬಸ್ ತಡವಾಗಿ ಅಲ್ಲಿ ಮುಟ್ಟುವ ಹೊತ್ತಿಗೆ ಕಾಲು ನೆಲಕ್ಕೆ ಅಂಟಿದಂತಾಗಿತ್ತು. ಹುಡುಗಿಯ ಅಪ್ಪ, ಗಾದಿ ಹೊಲಿಯುವ ಸಿರಾಜುದ್ದೀನರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಅರಳೆಯ ನಡುವೆ ಕುಳಿತಿದ್ದರು. ಅವರ ತಾಯಿ ಚಮನಬಿ ಬಾಗಿಲಲ್ಲಿ.

“ನೀವು ಯಾರ ಕಡೆಯವ್ರು?”

“ಅಲ್ತಾಫನ ಅಪ್ಪನ ಪರಿಚಯದವ ರೀ.” ಗೆಳೆಯ ಎನ್ನಲು ಬಾಯಿ ಬರಲಿಲ್ಲ.

“ಅವರ ಕಳಿಸ್ಯಾರೇನು?”

“ಇಲ್ರಿ. ಗೊತ್ತಾದ್ರ ಸಿಟ್ಟಾಗ್ತಾನ.”

ಕೂರಿಸಿದರು. ನನ್ನ ಬಲಗೈ ತೊಡೆಯ ಮೇಲೆ ಕುಣಿಯಲು ಹತ್ತಿತು. ಮುದುಕಿ ಅದನ್ನೇ ನೋಡಿ, “ನಿಮ್ಮ ಕೈನೂ ನಡಗತೈತಲ್ಲ, ನೀವೂ ಕುಡೀತೀರೇನು?” ಎಂದಳು. ಒಳಗೆ ಪರದೆಯ ಹಿಂದೆ ಯಾರೋ ನಕ್ಕರು. ನನಗೂ ನಗು ಬಂತು. ಇದು ಬೇರೆ ನಡುಕ, ಅಲ್ತಾಫನದು ಬೇರೆ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.

“ಗುಳಗಿ ತಗೊಂಡ್ರ ಪೂರ್ತಿ ಹೋಕ್ಕೈತೇನು?” ಎಂದರು ಸಿರಾಜುದ್ದೀನರು.

“ಇಲ್ರಿ. ಕಡಿಮಿ ಆಕ್ಕೈತಿ.”

“ನಾಳೆ ಮಕ್ಕಳಿಗೆ?”

“ಬರಬಹುದು, ಬರದನೂ ಇರಬಹುದು. ಜೀವಕ್ಕ ಧೋಕಾ ಇಲ್ಲ.” ಸುಳ್ಳು ಹೇಳಿ ಸಂಬಂಧ ಕೂಡಿಸಲು ನಾನು ಹೋಗಿರಲಿಲ್ಲ.

ಆಗ ಪರದೆಯ ಹಿಂದಿನಿಂದ ಅಜ್ಜಿಯನ್ನು ಕರೆದ ಹುಡುಗಿಯ ದನಿ: “ದಾದಿ, ಅವರು ಕುಡಿಯಂಗಿಲ್ಲ ಅಂತ ಇವರಿಗೆ ಹೆಂಗ ಗೊತ್ತು ಅಂತ ಕೇಳ್ರಿ.”

ಒಳ್ಳೆಯ ಪ್ರಶ್ನೆ. ಅಲ್ತಾಫನನ್ನು ನಾನು ನೋಡಿದ್ದೇ ಐದು ವರ್ಷದ ಹುಡುಗನಾಗಿದ್ದಾಗ. ನನ್ನ ಹತ್ತಿರ ಇದ್ದ ಉತ್ತರ ಒಂದೇ. ಹಾನಗಲ್ಲಿನದನ್ನು ಹೇಳಿದೆ. ಅಟ್ಟಣಿಗೆ, ಹತ್ತು ಮಂದಿ, ನಾನು ಅಂದ ಮಾತು, ಎಲ್ಲ. ನೀನು ನನಗೆ ಮಾತ್ರ ಹೇಳಿದ್ದನ್ನು ಹೇಳಲಿಲ್ಲ, ಅದು ನನ್ನ ಜೊತೆಯೇ ಮಣ್ಣಾಗುತ್ತದೆ. “ನಡುಗೋ ಕೈ ನೋಡಿ ಕುಡಕ ಅಂದವ ನಾನ. ನಾ ಅಂದಿದ್ದು ತಪ್ಪಾಗಿತ್ತವ್ವ. ನಿಮಗ ಯಾರೋ ಹೇಳಿದ್ರಲ್ಲ, ಅವರೂ ನನ್ನಂಗ ಕೈ ಅಷ್ಟ ನೋಡ್ಯಾರ. ನೀವ ಹೋಗಿ ಮನಷ್ಯಾನ್ನ ನೋಡ್ರಿ” ಎಂದೆ. ಮಂದಿಯ ಮುಂದೆ ಅಂದ ಮಾತನ್ನು ಮಂದಿಯ ಮುಂದೆಯೇ ವಾಪಸು ತೆಗೆದುಕೊಳ್ಳಬೇಕಲ್ಲವೇ?

ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಚಮನಬಿ ಚಹಾ ಕೊಟ್ಟು, ಎದ್ದು ನಿಲ್ಲಲು ಕೈ ಆಸರೆ ಕೊಟ್ಟಳು. ಕೋಟೆಯ ಕಡೆಯಿಂದ ನವಿಲುಗಳು ಕೂಗುತ್ತಿದ್ದವು. ನಾವಿಬ್ಬರೂ ಅಲ್ಲಿ ಕಿರಾಣಿ ಅಂಗಡಿಯ ಬೋರ್ಡು ಬರೆಯುವಾಗ ನೀನು ಆ ಕೂಗಿಗೆ ಮರುಕೂಗು ಹಾಕುತ್ತಿದ್ದದ್ದು ನೆನಪಾಯಿತು. ಬಸ್ ಬರುವವರೆಗೆ ಅದನ್ನೇ ಕೇಳುತ್ತ ಕುಳಿತೆ.

ಬೈಯುವುದಿದ್ದರೆ ಬೈದು ಬರೆ.

ಹೂವಪ್ಪ


ಸವಣೂರು
14 ಜನವರಿ 2024

ಹೂವಪ್ಪ,

ಬೈದು ಬರೆಯಬೇಕೆಂದೇ ಅವತ್ತು ಕುಳಿತಿದ್ದೆ. ಬರೆದು ಹರಿದೆ. ನನ್ನ ಮನೆಯ ಮಾನದ ವಿಷಯವನ್ನು ನನ್ನನ್ನು ಕೇಳದೆ ಊರೂರು ಒಯ್ಯಲು ಇವನು ಯಾರು ಎನಿಸಿತ್ತು.

ನವೆಂಬರಿನಲ್ಲಿ ಸಿರಾಜುದ್ದೀನರು ಬಂದರು. ಮನೆಗಲ್ಲ, ನೇರ ಅಲ್ತಾಫನ ಅಂಗಡಿಗೆ. ತಮ್ಮದೇ ಫೋನು ಕೆಟ್ಟಿದೆ ಎಂದು ಕೊಟ್ಟು ಎದುರಿಗೆ ಕುಳಿತರು. ಯಾರಾದರೂ ನೋಡುತ್ತ ಕುಳಿತರೆ ನಮ್ಮ ಕೈ ಏನು ಮಾಡುತ್ತದೆಂದು ನಿನಗೆ ಗೊತ್ತು. ಅಲ್ತಾಫ ಹೇಳಿದನಂತೆ: “ಚಾಚಾ, ಗುಳಗಿಯಿಂದ ಅರ್ಧಾ ಹೋಗೈತಿ, ಅರ್ಧಾ ಐತಿ. ನೀವು ನೋಡಾಕತ್ತೀರಿ, ಅದಕ್ಕ ಈಗ ಸ್ವಲ್ಪ ಜಾಸ್ತಿ. ಮೊಣಕೈ ಟೇಬಲ್ಲಿಗೆ ಊರಿ ಮಾಡ್ತೇನಿ, ತಡಾ ಆಕ್ಕೈತಿ, ಕೆಲಸಾ ಕೆಡಂಗಿಲ್ಲ.” ಒಂದು ತಾಸು ಹಿಡಿಯಿತು. ಫೋನು ಸರಿಹೋಯಿತು. ಸಿರಾಜುದ್ದೀನರು ಅಲ್ಲಿಂದಲೇ ಆ ಫೋನಿನಲ್ಲಿ ಮಗಳ ಜೊತೆ ಮಾತಾಡಿದರು. ಡಿಸೆಂಬರಿನಲ್ಲಿ ಮತ್ತೆ ಮಾತು ಕೂಡಿತು.

ಇಷ್ಟೇ ಆಗಿದ್ದರೆ ಮಾಹೀರಾಳಿಂದ ಬರೆಸುತ್ತಿದ್ದೆ. ಇನ್ನೊಂದು ಇದೆ.

ಹೋದ ವರ್ಷ, ನಿನ್ನ ಮೊದಲ ಪತ್ರ ಬರುವ ಎಷ್ಟೋ ಮುಂಚೆ, ಅಲ್ತಾಫ ಊಟಕ್ಕೆ ಕುಳಿತಾಗ ಸಾರಿನ ಬಟ್ಟಲು ಕೈಯಿಂದ ಜಾರಿತು. ನಾನು ಎದ್ದು ಹೋಗಿ ಅವನ ಗದ್ದ ಹಿಡಿದು, “ಬಾಯಿ ತೆಗಿ” ಎಂದು ಮೂಸಿದೆ. ಅವನ ತಾಯಿಯ ಮುಂದೆ, ತಂಗಿಯ ಮುಂದೆ. ನಾನು, ಹೂವಪ್ಪ! ಇಪ್ಪತ್ತು ವರ್ಷ ಅದೇ ಗಾಯ ಹೊತ್ತು ತಿರುಗಿದವನು. ಕೈ ನಡುಗಿದರೆ ನೆನಪಾಗಬೇಕಾದದ್ದು ನನ್ನದೇ ಕೈ. ನೆನಪಾದದ್ದು ಆ ಹನ್ನೊಂದು ತಿಂಗಳು. ಅದನ್ನು ನಿನಗೆ ಸೆಪ್ಟೆಂಬರಿನಲ್ಲಿ ಬರೆಯಲಿಲ್ಲ. ನಿನ್ನ ತಪ್ಪನ್ನಷ್ಟೇ ಬರೆದೆ.

ಹೋದ ವಾರ ಮಧ್ಯಾಹ್ನ ಅವನ ಅಂಗಡಿಗೆ ಹೋಗಿ ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತೆ. “ಅವತ್ತು ನಿನ್ನ ಬಾಯಿ ಮೂಸಿದ್ದೆ, ಅದು ನನ್ನ ತಪ್ಪು” ಎಂದೆ. ನಾನೂ ಒಂದು ಕಾಲಕ್ಕೆ ಕುಡಿದಿದ್ದೆ, ಯಾಕೆ ಕುಡಿದೆ, ಎಲ್ಲ ಹೇಳಿದೆ. ಅವನು ಫೋನಿನಿಂದ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸ್ಕ್ರೂ ಬಿಗಿದು, “ಅಬ್ಬಾ, ನೀವು ಮೂಸಿದ್ದಕ್ಕ ನನಗ ಸಿಟ್ಟಿಲ್ಲ. ಮೂಸಿ ನೋಡಿ, ವಾಸನಿ ಇಲ್ಲ ಅಂತ ಗೊತ್ತಾದ ಮ್ಯಾಲೂ ನೀವು ನಂಬಲಿಲ್ಲಲ್ಲ, ಅದು ತಡ್ಯಾಕ ಆಗಲಿಲ್ಲ” ಎಂದ. ಆಮೇಲೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಯಾರ ಕೈ ನಡುಗುತ್ತಿತ್ತೋ ತಿಳಿಯಲಿಲ್ಲ.

ಮಗ ಕ್ಷಮಿಸಿದ. ನಾನು ಅದಕ್ಕೆ ಯೋಗ್ಯನೆಂದಲ್ಲ, ಅಪ್ಪನೆಂದು. ಅಂಥದ್ದನ್ನು ಕೈಯೊಡ್ಡಿ ಪಡೆದು, ನಿನಗೆ ಕೊಡದೆ ನಾನು ಹೇಗೆ ಇಟ್ಟುಕೊಳ್ಳಲಿ?

ನಿಕಾಹ್ ಫೆಬ್ರವರಿ 11, ಭಾನುವಾರ, ಬಂಕಾಪುರದಲ್ಲಿ. ಮಂಜವ್ವ, ವಿದ್ಯಾಶ್ರೀ ಎಲ್ಲರೂ ಬರಬೇಕು. ನೀನು ಮಾತ್ರ ಎರಡು ದಿನ ಮೊದಲೇ ಸವಣೂರಿಗೆ ಬಾ. ಗುಳಿಗೆಯ ಲೆಕ್ಕ ನೋಡಿಕೊಂಡು ಬಸ್ ಹತ್ತು, ನಿಲ್ದಾಣಕ್ಕೆ ನಾನೇ ಬರುತ್ತೇನೆ. ಬೀಗರು ನಿನ್ನನ್ನು ಯಾರೆಂದು ಕೇಳಿದರೆ ಪರಿಚಯದವ ಎನ್ನಬೇಡ.

ನಿನ್ನ ಗೆಳೆಯ,
ಮಲ್ಲಿಕಸಾಬ